ಢಮಾರ್ ಮೀಮಾಂಸೆ

ಹೊಸ ಮೋಟಾರ್ ಸೈಕಲ್ಲಿನ ಸೈಲೆನ್ಸರಿನಿಂದ ಹೊರಡುವ 'ಢಮಾರ್' ಎಂಬ ನಾದದ ಬಗ್ಗೆ ನಮ್ಮಲ್ಲಿ ಚರ್ಚೆಗೇನೂ ಬರವಿಲ್ಲ, ಬರವಿರುವುದು ಶಾಸ್ತ್ರಕ್ಕೆ. ಚಹಾದಂಗಡಿಯ ಮುಂದೆ, ಗ್ಯಾರೇಜಿನ ಎಣ್ಣೆ ಮೆತ್ತಿದ ಬೆಂಚಿನ ಮೇಲೆ, ಶೋರೂಮಿನ ಸರ್ವಿಸ್ ಕೌಂಟರಿನಲ್ಲಿ ನಡೆಯುವ ವಾದಗಳನ್ನೆಲ್ಲ ಸೋಸಿದರೆ ಕೊನೆಗೆ ಎರಡೇ ದರ್ಶನಗಳು ಉಳಿಯುತ್ತವೆ. ಮೊದಲನೆಯವರು ಮದವಾದಿಗಳು. ಎಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿ, ಬಲ ಉಕ್ಕಿ, ಒಳಗೆ ಹಿಡಿಸಲಾರದೆ ಹಿಂದಿನಿಂದ ಗರ್ಜಿಸುತ್ತದೆಂಬುದು ಇವರ ಮತ. ಹೀಗಾಗಿ ಢಮಾರು ಇವರಿಗೆ ದೋಷವಲ್ಲ, ಜಾತಕದಲ್ಲಿ ಬರೆಸಿಕೊಳ್ಳಬೇಕಾದ ಯೋಗ. ಎರಡನೆಯವರು ಕ್ಷುಧಾವಾದಿಗಳು. ಇವರ ಪ್ರಕಾರ ಢಮಾರೆಂಬುದು ಹಸಿದ ಎಂಜಿನ್ನಿನ ಹೊಟ್ಟೆಯ ಗುಡುಗುಡು. ಅದು ಗರ್ಜನೆಯಾಗಿ ಕೇಳಿಸುವುದು ಕೇಳುವವನ ವಯೋಧರ್ಮ. ಪ್ರಸ್ತುತ ಪ್ರಬಂಧ ಕ್ಷುಧಾವಾದವನ್ನು ಸ್ಥಾಪಿಸಲು ಹೊರಟಿದೆ.

ಮೊದಲು ಪ್ರತ್ಯಕ್ಷ ಪ್ರಮಾಣ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಗಾಡಿಯನ್ನು ಗಮನಿಸಿ. 14 ಹೇರ್‌ಪಿನ್ ತಿರುವುಗಳು, ಹಿಂದೆ ಒಬ್ಬ ಸಹಸವಾರ, ಎರಡನೇ ಗೇರು, ಹಿಂಡಿ ಹಿಡಿದ ಆಕ್ಸಿಲರೇಟರು. ಬಲ ಉಕ್ಕಿ ಗರ್ಜಿಸುವ ಜಾಯಮಾನವಿದ್ದರೆ ಎಂಜಿನ್ನು ಗರ್ಜಿಸಬೇಕಾದದ್ದು ಇಲ್ಲಿ. ಆದರೆ ಅದು ತುಟಿಪಿಟಕ್ಕೆನ್ನದೆ ದುಡಿಯುತ್ತದೆ. ಅದೇ ಗಾಡಿ ಮರಳಿ ಇಳಿಯುವಾಗ, ಆಕ್ಸಿಲರೇಟರ್ ಪೂರಾ ಬಿಟ್ಟು ಗೇರಿನ ಹಿಡಿತದಲ್ಲಿ ಜಾರುವಾಗ, 'ಪಟ್, ಪಟ್, ಢಮಾರ್'. ಕೆಲಸವಿದ್ದಾಗ ಮೌನ, ಕೆಲಸವಿಲ್ಲದಾಗ ಆರ್ಭಟ: ಇದನ್ನು ವೀರರಸವೆಂದು ಒಪ್ಪುವ ಅಲಂಕಾರಶಾಸ್ತ್ರ ಇನ್ನೂ ಹುಟ್ಟಿಲ್ಲ. (ಕೆಲವು ಕಚೇರಿಗಳಲ್ಲಿ ಇದೇ ಲಕ್ಷಣ ಮನುಷ್ಯರಲ್ಲೂ ಕಾಣುತ್ತದೆ, ಅದು ಬೇರೆ ಪ್ರಬಂಧದ ವಸ್ತು.)

ಇನ್ನು ಅನುಮಾನ ಪ್ರಮಾಣ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ನೈಯಾಯಿಕರ ಹಳೆಯ ಉದಾಹರಣೆ. ಹೊಸ ಗಾಡಿಯಲ್ಲಿ ಹೊಗೆಯೇ ಕಾಣದ ಕಾರಣ ಬೆಂಕಿಯನ್ನು ಸದ್ದಿನಿಂದಲೇ ಊಹಿಸಬೇಕಾಗಿದೆ. ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಾಲು ಗಾಳಿ ಬೇಕು. ಆಕ್ಸಿಲರೇಟರ್ ಬಿಟ್ಟೊಡನೆ ಸಿಲಿಂಡರಿಗೆ ಬರುವ ತುತ್ತು ಚಿಕ್ಕದಾಗುತ್ತದೆ, ಅದರೊಡನೆ ಹಿಂದಿನ ಸುತ್ತಿನ ಸುಟ್ಟ ಹೊಗೆಯೂ ಬೆರೆಯುತ್ತದೆ. ಇಂಥ ತೆಳು ಮಿಶ್ರಣಕ್ಕೆ ಪ್ಲಗ್ಗಿನ ಕಿಡಿ ತಾಗಿದರೂ ಬೆಂಕಿ ಹಿಡಿಯುವ ಖಾತ್ರಿಯಿಲ್ಲ. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರು ನಿಮಿಷಕ್ಕೆ 6,000 ಸುತ್ತಿನಲ್ಲಿ ತಿರುಗುವಾಗ ಸೆಕೆಂಡಿಗೆ 50 ಸಲ ಉರಿಯಬೇಕು. ಅದರಲ್ಲಿ ಒಂದು ಸಲ ತಪ್ಪಿದರೂ ಆ ಹಸಿ ಮಿಶ್ರಣ ಹೊಗೆ ಹೊರಹೋಗುವ ಬೆಂಡ್ ಪೈಪಿಗೆ ಇಳಿದು, ಅಲ್ಲಿ ಬಿಸಿಯನ್ನೂ ಗಾಳಿಯನ್ನೂ ಕಂಡು, ಒಳಗೆ ಆಗಬೇಕಿದ್ದ ಕೆಲಸವನ್ನು ಹೊರಗೆ ಮಾಡಿ ಮುಗಿಸುತ್ತದೆ. ಗ್ಯಾರೇಜುಗಳಲ್ಲಿ ಇದರ ಹೆಸರು ಬ್ಯಾಕ್ ಫೈರ್. ಶುದ್ಧ ಶಾಸ್ತ್ರದ ಪ್ರಕಾರ ಬ್ಯಾಕ್ ಫೈರ್ ಆಗುವುದು ಸಿಲಿಂಡರಿಗೆ ಗಾಳಿ ಬರುವ ದಾರಿಯಲ್ಲಿ, ಸೈಲೆನ್ಸರಿನಲ್ಲಿ ಆಗುವುದು ಬೇರೆಯೇ ಪಂಗಡದ್ದು. ಗ್ಯಾರೇಜುಗಳು ಈ ಭೇದವನ್ನು ಎಂದೂ ಮಾನ್ಯ ಮಾಡಿಲ್ಲವಾದ್ದರಿಂದ ನಾವೂ ಮಾಡುವುದಿಲ್ಲ.

ಇಲ್ಲಿ ಶೋರೂಂ ಸಂಪ್ರದಾಯದವರ ಆಕ್ಷೇಪ ಬರುತ್ತದೆ: "ಹೊಸ ಗಾಡಿ ಅಲ್ವಾ ಸಾರ್, ಎರಡು ಸರ್ವಿಸ್ ಆಗ್ಲಿ, ತಾನಾಗೇ ಸರಿ ಹೋಗುತ್ತೆ." ಕಾಲವೇ ಸಕಲ ರೋಗಕ್ಕೂ ಔಷಧಿಯೆಂಬ ಈ ಮತವನ್ನು ನಕ್ಕು ತಳ್ಳಿಹಾಕುವಂತಿಲ್ಲ, ಏಕೆಂದರೆ ಇದರಲ್ಲಿ ಅರ್ಧ ಸತ್ಯವಿದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮ ಪಾಲಿಸಲು ಹೊಸ ಎಂಜಿನ್ನುಗಳು ಇಂಧನವನ್ನು ಅಳೆದಳೆದು ಉಣ್ಣುತ್ತವೆ. ಸಾಲದ್ದಕ್ಕೆ ಹಲವು ಗಾಡಿಗಳಲ್ಲಿ ಹೊಗೆಯ ದಾರಿಗೇ ಶುದ್ಧ ಗಾಳಿ ಬಿಡುವ ಒಂದು ಪುಟ್ಟ ವಾಲ್ವಿದೆ. ಸಿಲಿಂಡರಿನಲ್ಲಿ ಉರಿಯದೆ ಉಳಿದದ್ದು ಅಲ್ಲೇ ಉರಿದು ಹೋಗಲಿ, ಊರಿಗೆ ವಿಷ ಹರಡದಿರಲಿ ಎಂಬುದು ಅದರ ಸದುದ್ದೇಶ. ಇಳಿಜಾರಿನಲ್ಲಿ ಆಗೊಮ್ಮೆ ಈಗೊಮ್ಮೆ ಕೇಳುವ ಮೆಲ್ಲನೆಯ 'ಪಟ್' ಈ ಸದುದ್ದೇಶದ ಸದ್ದು. ಅದಕ್ಕೆ ಚಿಕಿತ್ಸೆ ಬೇಡ. ಆದರೆ ಬೀದಿನಾಯಿ ಬೆಚ್ಚಿಬೀಳುವ ಢಮಾರು ಪಿಸ್ಟನ್ ರಿಂಗುಗಳು ಪಳಗಿದ ಮಾತ್ರಕ್ಕೆ ನಿಲ್ಲುತ್ತದೆನ್ನಲು ಆಧಾರವಿಲ್ಲ. ಸಡಿಲ ನಟ್ಟು ಕಾಲಕ್ರಮದಲ್ಲಿ ಇನ್ನಷ್ಟು ಸಡಿಲವಾಗುವುದೇ ಲೋಕರೂಢಿ.

ಮದವಾದಿಗಳ ಪ್ರಬಲ ಅಸ್ತ್ರ ಬೇರೆಯಿದೆ. ಪೆಟ್ರೋಲು ಹೆಚ್ಚಾದಾಗಲೂ, ಅಂದರೆ ಮಿಕ್ಸ್ಚರ್ 'ರಿಚ್' ಆದಾಗಲೂ ಢಮಾರಾಗುತ್ತದಲ್ಲ, ಅದನ್ನೇನು ಮಾಡುತ್ತೀರಿ? ಆಗುತ್ತದೆ, ನಿಜ. ಪ್ಲಗ್ ಬಿಚ್ಚಿದರೆ ಸಾಕ್ಷಿ ಸಿಗುತ್ತದೆ: ತುದಿ ಬೂದುಬಿಳುಪಾದರೆ ಹಸಿವು, ಮಸಿಗಪ್ಪಾದರೆ ಅಜೀರ್ಣ, ಕಾಫಿಕಂದಾದರೆ ಆರೋಗ್ಯ. ಆದರೆ ಅಜೀರ್ಣವಾಗಿ ಹೊರಬಿದ್ದ ಪೆಟ್ರೋಲು ಸೈಲೆನ್ಸರಿನಲ್ಲಿ ಉರಿಯಬೇಕಾದರೂ ಅಲ್ಲಿ ಗಾಳಿ ಬೇಕಲ್ಲವೇ? ಅಂದರೆ ಅಲ್ಲಿ ಹಸಿದದ್ದು ಪೆಟ್ರೋಲಿಗಲ್ಲ, ಗಾಳಿಗೆ. ಹೀಗೆ ಕ್ಷುಧಾವಾದ ಅಬಾಧಿತವಾಗಿ ಉಳಿಯುತ್ತದೆ. ಗಾಡಿ ಓಡುತ್ತಿರುವಾಗಲೇ ಕೀಲಿ ಆಫ್ ಮಾಡಿ ಆನ್ ಮಾಡಿ ಕಾಲೇಜಿನ ಗೇಟಿನೆದುರು ಢಮಾರೆನ್ನಿಸುವ ತರುಣರ ಪ್ರಯೋಗವನ್ನೂ ಸಿದ್ಧಾಂತದೊಳಕ್ಕೆ ತರಬಹುದು: ಕಾರ್ಬುರೇಟರಿನ ಗಾಡಿಯಲ್ಲಿ ಕೀಲಿ ಆಫ್ ಆದರೂ ಪೆಟ್ರೋಲು ಹೀರುವುದು ನಿಲ್ಲುವುದಿಲ್ಲ, ಅಲ್ಲಿ ಹಸಿವು ಕಿಡಿಯದ್ದು. ಹೊಂದದ ಸಂಗತಿಯನ್ನು ಸಿದ್ಧಾಂತಕ್ಕೆ ಹೊಂದಿಸುವುದಕ್ಕೇ ಅಲ್ಲವೇ ಭಾಷ್ಯಕಾರರು ಇರುವುದು. ಈ ಪ್ರಯೋಗದಿಂದ ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರು ಸುಟ್ಟು ಹಾಳಾಗಬಹುದು, ಅದು ದುಬಾರಿ ವಸ್ತು, ಎಂಬ ಮಾತನ್ನು ಶಾಸ್ತ್ರಕ್ಕಿಂತ ಹೆಚ್ಚಾಗಿ ಗಾಡಿಯ ಕಂತು ಕಟ್ಟುವ ತಂದೆಯ ಹಿತದೃಷ್ಟಿಯಿಂದ ಇಲ್ಲಿ ಸೇರಿಸಿದೆ. ಕಂಪನಿಯ ಸೈಲೆನ್ಸರ್ ಬಿಚ್ಚಿಸಿ ಪೊಳ್ಳು ಕೊಳವೆ ಹಾಕಿಸುವವರಿಗೆ ಉತ್ತರಿಸುವ ಹೊಣೆಯನ್ನು ಪ್ರಬಂಧ ಹೊರುವುದಿಲ್ಲ. 175 ಸಿಸಿ ಮೀರಿದ ಹೊಸ ಗಾಡಿಗೂ 80 ಡೆಸಿಬೆಲ್ಲಿನ ಮಿತಿಯಿದೆ. ವಶಪಡಿಸಿಕೊಂಡ ಕೊಳವೆಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹಾಯಿಸುವ ಖಂಡನಾಕ್ರಮವನ್ನು ನಮ್ಮ ಪೊಲೀಸರು ಹಲವು ಊರುಗಳಲ್ಲಿ ಆಗಲೇ ಮಂಡಿಸಿದ್ದಾರೆ.

ಪರಂಪರಾವಾದಿಗಳು ಮೈಸೂರಿನ ಯಾದವಗಿರಿಯ ಕಡೆ ಬೊಟ್ಟು ಮಾಡುತ್ತಾರೆ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ಹೊರಬಂದ ಜಾವಾ, ಯೆಜ್ಡಿಗಳು ಸದ್ದು ಮಾಡಲಿಲ್ಲವೇ, ಅವಕ್ಕೆಲ್ಲ ರೋಗವಿತ್ತೇ ಎಂಬುದು ಪ್ರಶ್ನೆ. ಅವು ಎರಡು ಸ್ಟ್ರೋಕಿನವು. ಹೊಸ ಮಿಶ್ರಣ ಒಳಬರುವ ಹೊತ್ತಿಗೇ ಹೊಗೆಯ ಬಾಗಿಲೂ ತೆರೆದಿರುವುದರಿಂದ ಹಸಿ ಪೆಟ್ರೋಲು ಒಂದಿಷ್ಟು ಹಾಗೇ ಸೈಲೆನ್ಸರಿಗೆ ಸೋರುವುದು ಅವುಗಳ ಕುಲಧರ್ಮ. ಒಂದು ಕುಲದ ಧರ್ಮವನ್ನು ಇನ್ನೊಂದು ಕುಲಕ್ಕೆ ಆರೋಪಿಸಲಾಗದು. ಡೆಲಿವರಿಯ ದಿನ ಚಕ್ರದಡಿಯ ನಿಂಬೆಹಣ್ಣು ಸರಿಯಾಗಿ ಅಪ್ಪಚ್ಚಿಯಾಗಿರಲಿಲ್ಲ ಎಂಬ ಹಿರಿಯರ ವಾದವೂ ಪರಿಶೀಲನೆಗೆ ಅರ್ಹವೇ. ಟೈರಿಗೂ ಸಿಲಿಂಡರ್ ಹೆಡ್ಡಿಗೂ ನಡುವೆ ನಿಂಬೆರಸ ಸಾಗುವ ಮಾರ್ಗವನ್ನು ಅವರು ತೋರಿಸಿಕೊಟ್ಟರೆ ಮುಂದಿನ ಆವೃತ್ತಿಯಲ್ಲಿ ಸೇರಿಸಬಹುದು.

ಹಾಗಾದರೆ ಹಸಿವಿನ ಮೂಲ ಹುಡುಕುವ ಕ್ರಮವೇನು? ತಾರ್ಕಿಕರ ಲಾಘವ ನ್ಯಾಯ ಇಲ್ಲಿ ದಾರಿ ತೋರುತ್ತದೆ: ಹಗುರ ಕಾರಣವಿರುವಾಗ ಭಾರದ ಕಾರಣ ಕಲ್ಪಿಸಬಾರದು. ಸರ್ವಿಸ್ ಸೆಂಟರುಗಳು ಇದರ ವಿರುದ್ಧ ದಿಕ್ಕಿನಿಂದ, ಅಂದರೆ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಬದಲಿಸುವುದರಿಂದ, ಆರಂಭಿಸುವುದುಂಟು. ಎಂಜಿನ್ ತಣ್ಣಗಿರುವಾಗ ಬೆಂಡ್ ಪೈಪು ಹೆಡ್ಡಿಗೆ ಕೂಡುವ ಜಾಗ ನೋಡಬೇಕು; ಅಲ್ಲಿ ಕಪ್ಪು ಮಸಿಯ ಗೆರೆಯಿದ್ದರೆ ಪ್ಯಾಕಿಂಗ್ ಕೂತಿಲ್ಲ, ನಟ್ಟು ಬಿಗಿಯಾಗಿಲ್ಲ, ಢಮಾರಿಗೆ ಬೇಕಾದ ಗಾಳಿ ಒಳಸೇರುವುದು ಅಲ್ಲಿಂದಲೇ. ಸ್ಟಾರ್ಟ್ ಮಾಡಿದ ಕೂಡಲೆ ಸೋಪಿನ ನೀರು ಚಿಮುಕಿಸಿದರೆ ಗುಳ್ಳೆಯೇ ಸಾಕ್ಷಿ ನುಡಿಯುತ್ತದೆ. ಹೊಸ ಗಾಡಿಯಲ್ಲಿ ಅರ್ಧಕ್ಕರ್ಧ ಮೀಮಾಂಸೆ ಇಲ್ಲೇ ಮುಗಿಯುವ ಸಂಭವವಿದೆ. ಮುಗಿಯದಿದ್ದರೆ ಗಾಳಿ ಬರುವ ಕಡೆಯ ರಬ್ಬರು ಮತ್ತು ಅದರ ಕ್ಲಿಪ್ಪು, ಆಮೇಲೆ ಪ್ಲಗ್ಗು, ಆಮೇಲೆ ಟ್ಯಾಪೆಟ್ಟು: ಅದು ಅತಿ ಬಿಗಿಯಾದರೆ ಹೊಗೆಯ ವಾಲ್ವು ಪೂರ್ತಿ ಮುಚ್ಚದೆ ಹಸಿ ಮಿಶ್ರಣವನ್ನು ಕದ್ದು ಹೊರಗೆ ಬಿಡುತ್ತದೆ. ಕಂಪ್ಯೂಟರ್ ಹಚ್ಚಿ ನೋಡುವುದು ಇಷ್ಟಾದ ಮೇಲೆ. ವಾರಂಟಿ ಇರುವಾಗ ಸ್ಪ್ಯಾನರು ಹಿಡಿಯುವ ಕೈ ಸರ್ವಿಸ್ ಸೆಂಟರಿನವರದ್ದಾಗಿರಲಿ, ಕಣ್ಣು ಮಾತ್ರ ನಮ್ಮದು.

ಇಷ್ಟಾಗಿಯೂ ಒಂದು ಆಕ್ಷೇಪ ಉಳಿಯುತ್ತದೆ: ದೋಷವಿದ್ದರೆ ಹೊಗೆ ತಪಾಸಣೆಯವರು ಹಿಡಿಯುತ್ತಿರಲಿಲ್ಲವೇ? ಪೆಟ್ರೋಲ್ ದ್ವಿಚಕ್ರ ವಾಹನವನ್ನು ಅವರು ಪರೀಕ್ಷಿಸುವುದು ನಿಲ್ಲಿಸಿಕೊಂಡು, ಐಡ್ಲಿಂಗಿನಲ್ಲಿ. ಢಮಾರಾಗುವುದು ಓಡುವ ಗಾಡಿಯಲ್ಲಿ, ಇಳಿಜಾರಿನಲ್ಲಿ. ಅದೂ ಅಲ್ಲದೆ ಹೊಸ ಗಾಡಿಗೆ ನೋಂದಣಿಯಾದ ಮೊದಲ ವರ್ಷ ಹೊಗೆ ತಪಾಸಣೆಯ ಚೀಟಿಯ ಅಗತ್ಯವೇ ಇಲ್ಲ.