ಬೆಳ್ಳುಳ್ಳಿ ಬ್ರೆಡ್ಡಿನ ಶುದ್ಧಪಾಠ: ಸಂಪಾದಕನ ಪ್ರಸ್ತಾವನೆ

ಸೊಪ್ಪು, ಬೆಳ್ಳುಳ್ಳಿ ಹಾಕಿದ ಒರಟು ಬ್ರೆಡ್ಡು ಮೊದಲ ಸಲ ಮನೆಯಲ್ಲಿ ಬ್ರೆಡ್ ಮಾಡುವವರಿಗೆ ಹೇಳಿ ಮಾಡಿಸಿದಂಥದ್ದು ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಅಚ್ಚು ಬೇಡ, ಹಾಲು ಬೆಣ್ಣೆ ಮೊಟ್ಟೆ ಬೇಡ, ಆಕಾರ ಸೊಟ್ಟಗಾದರೆ ‘ಹಳ್ಳಿ ಶೈಲಿ’ ಎಂದು ಹೇಳಿ ಪಾರಾಗಬಹುದು. ಇಷ್ಟು ಉಪಕಾರಿಯಾದ ಕೃತಿಗೆ ಒಂದು ಶುದ್ಧಪಾಠ ಇಲ್ಲವಲ್ಲ ಎಂದು ನೊಂದ ಪ್ರಸ್ತುತ ಸಂಪಾದಕನು, ಮನೆಯವರ ಪ್ರಬಲ ವಿರೋಧದ ನಡುವೆಯೂ, ಕೈಗೆ ಸಿಕ್ಕ ಪ್ರತಿಗಳನ್ನೆಲ್ಲ ತಾಳೆ ನೋಡಿ ಈ ಪರಿಷ್ಕರಣವನ್ನು ಸಿದ್ಧಪಡಿಸಿದ್ದಾನೆ.

ಪ್ರತಿಗಳ ವಿವರ

‘ಕ’ ಪ್ರತಿ ಭಾನುವಾರದ ಪುರವಣಿಯಿಂದ ಕತ್ತರಿಸಿದ್ದು. ಫ್ರಿಜ್ಜಿನ ಬಾಗಿಲ ಮೇಲೆ ಬಹುಕಾಲ ಅಂಟಿಕೊಂಡಿದ್ದರಿಂದ ಅಂಚು ಶಿಥಿಲ. ನಡುವೆ ಎಣ್ಣೆ ಬಿದ್ದು ‘ಚಮಚ ಉಪ್ಪು’ ಎಂಬುದರ ಹಿಂದಿನ ಅಂಕಿ ಅಳಿಸಿಹೋಗಿದೆ. ಹಿಂಬದಿಯಲ್ಲಿ ವಾರಭವಿಷ್ಯವಿದೆ, ತುಲಾ ರಾಶಿಯವರಿಗೆ ಧನಲಾಭ ಎಂದಿರುವುದರಿಂದ ಪ್ರತಿಯ ಕಾಲನಿರ್ಣಯಕ್ಕೆ ಯಾವ ಸಹಾಯವೂ ಆಗುವುದಿಲ್ಲ.

‘ಖ’ ಪ್ರತಿ ಮೌಖಿಕ ಪರಂಪರೆಯದು, ನ್ಯೂಜೆರ್ಸಿಯ ನಾದಿನಿ ವಾಟ್ಸಾಪಿನಲ್ಲಿ ಕಳಿಸಿದ್ದು. “ಭಾವ, ಯೀಸ್ಟ್ ಒಂದು ಚಿಟಿಕೆ ಸಾಕು. ನೀರು ನೋಡ್ಕೊಂಡು ಹಾಕಿ. ಆಮೇಲೆ ಅದರ ಪಾಡಿಗೆ ಅದನ್ನ ಬಿಟ್ಬಿಡಿ, ಮುಟ್ಟೋಕೆ ಹೋಗ್ಬೇಡಿ...” ಎಂಬಲ್ಲಿಗೆ ಮಿಕ್ಸಿಯ ಸದ್ದು ಬಂದು ನಡುವಿನ ಒಂದು ಭಾಗ ತ್ರುಟಿತವಾಗಿದೆ. ‘ಗ’ ಪ್ರತಿ ಓಟಿಜಿ ಓವನ್ನಿನ ಜೊತೆ ಬಂದ ಕೈಪಿಡಿ. ಅದರಲ್ಲಿ ವಿಧಿಗಿಂತ ನಿಷೇಧವೇ ಹೆಚ್ಚು. ಇವಲ್ಲದೆ ಅಮ್ಮನ ಟೀಕೆಯೂ ಉಂಟು. ಅವರು ಇಡ್ಲಿ ಸಂಪ್ರದಾಯದವರು. ಮೂಲವನ್ನು ಓದದೆಯೇ ಟೀಕೆ ಬರೆಯುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲವಾದ್ದರಿಂದ ಅದನ್ನೂ ಪರಿಗಣಿಸಲಾಗಿದೆ.

ಕೃತಿಯ ಪ್ರಾಚೀನತೆ ಮತ್ತು ಮೂಲ

ಜೋರ್ಡಾನಿನ ಈಶಾನ್ಯ ಭಾಗದ ಶುಬೈಕಾ ಎಂಬಲ್ಲಿ ಸುಮಾರು 14,400 ವರ್ಷ ಹಳೆಯ ಒಲೆಯೊಂದರಲ್ಲಿ ರೊಟ್ಟಿಯ ಚೂರುಗಳು ಸಿಕ್ಕಿರುವ ಸಂಗತಿ 2018ರಲ್ಲಿ ಪ್ರಕಟವಾಯಿತು. ಬೇಸಾಯ ಶುರುವಾಗುವುದಕ್ಕೆ ಸಾವಿರಾರು ವರ್ಷ ಮೊದಲೇ, ಕಾಡುಗೋಧಿಯನ್ನು ಆಯ್ದು ತಂದು ಯಾರೋ ರೊಟ್ಟಿ ಸುಟ್ಟಿದ್ದರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಪಾಂಪೆಯ ಬೇಕರಿಗಳಲ್ಲಿದ್ದ ದುಂಡು ಬ್ರೆಡ್ಡುಗಳೂ ಉಳಿದುಬಂದಿವೆ. ಗಮನಿಸಬೇಕಾದ ಅಂಶವೆಂದರೆ ಎರಡೂ ಕಡೆ ಉಳಿದದ್ದು ಕರಕಲಾದದ್ದೇ. ಹದವಾಗಿ ಬೆಂದದ್ದನ್ನು ಜನ ತಿಂದು ಮುಗಿಸಿದರು; ಸೀದದ್ದು ಇತಿಹಾಸಕ್ಕೆ ಸಿಕ್ಕಿತು. ಮೊದಲ ಸಲ ಸೀಯಿಸಿಕೊಂಡವರು ತಮ್ಮ ಕೃತಿಯನ್ನು ಪುರಾತತ್ತ್ವ ಇಲಾಖೆಗೆ ಒಪ್ಪಿಸಬಹುದು.

ನಾದುವ ಕಷ್ಟವಿಲ್ಲದ ಈಗಿನ ಪಾಠದ ಮೂಲ ಮಾತ್ರ ಇತ್ತೀಚಿನದು. ನ್ಯೂಯಾರ್ಕಿನ ಸಲಿವನ್ ಸ್ಟ್ರೀಟ್ ಬೇಕರಿಯ ಜಿಮ್ ಲೇಹಿ ಅವರ ವಿಧಾನವನ್ನು ಮಾರ್ಕ್ ಬಿಟ್‌ಮನ್ 2006ರ ನವೆಂಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದರು. ಹಿಟ್ಟನ್ನು ಹೆಚ್ಚು ನೀರಿನಲ್ಲಿ ಕಲಸಿ, ಚಿಟಿಕೆ ಯೀಸ್ಟ್ ಹಾಕಿ, 12ರಿಂದ 18 ಗಂಟೆ ಸುಮ್ಮನೆ ಬಿಡುವುದು. ಆಮೇಲೆ ಕಾದ ಪಾತ್ರೆಗೆ ಹಾಕಿ ಮುಚ್ಚಳ ಮುಚ್ಚಿ ಬೇಯಿಸುವುದು. ಅಮೆರಿಕದ ಮನೆಮನೆಯಲ್ಲೂ ಇದು ಹಬ್ಬಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. 16ನೇ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಮುಚ್ಚಳ ರೊಟ್ಟಿ ಎಂಬುದೊಂದಿದೆ. ಕಾವಲಿಯ ಮೇಲೆ ರೊಟ್ಟಿ ಹಾಕಿ, ಮುಚ್ಚಿ, ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸುವ ಕ್ರಮ. ಅಂದರೆ ಮುಚ್ಚಿದ ಪಾತ್ರೆಯಲ್ಲಿ ಎರಡೂ ಕಡೆಯಿಂದ ಶಾಖ! ಲೇಹಿಯವರು ಮಂಗರಸನನ್ನು ಓದಿದ್ದರೆಂಬುದಕ್ಕೆ ಆಧಾರವಿಲ್ಲ. ಓದಿಲ್ಲವೆಂಬುದಕ್ಕೂ ಇಲ್ಲ. ಇಷ್ಟು ಪುರಾವೆಯ ಮೇಲೆ ನಮ್ಮಲ್ಲಿ ಕವಿಗಳ ಊರು, ಕಾಲ, ಮತಗಳೇ ತೀರ್ಮಾನವಾಗಿರುವಾಗ ಒಂದು ಬ್ರೆಡ್ಡಿನ ಮೂಲವನ್ನು ತೀರ್ಮಾನಿಸಲು ಸಂಪಾದಕನು ಹಿಂಜರಿಯುವುದಿಲ್ಲ. ಆದರೆ ಮಂಗರಸನು ಯೀಸ್ಟಿನ ಬಗ್ಗೆ ಮೌನವಾಗಿದ್ದಾನೆ ಎಂಬ ತೊಡಕೊಂದಿದೆ. ಅದನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಅಳತೆಯ ಪಾಠಾಂತರಗಳು

‘ಮೂರು ಕಪ್ ಮೈದಾ’ ಎಂದು ಕ ಪ್ರತಿ. ಯಾರ ಕಪ್ಪು? ಅಮೆರಿಕದ ಅಳತೆಯ ಕಪ್ಪು 240 ಮಿಲಿ. ನಮ್ಮ ಮನೆಯ ಕಾಫಿ ಕಪ್ಪು ಅದರ ಅರ್ಧಕ್ಕಿಂತ ತುಸು ಹೆಚ್ಚು. ಖ ಪ್ರತಿಯ ‘ನೋಡ್ಕೊಂಡು’ ಎಂಬ ಅಳತೆ ಕೇಳುವುದಕ್ಕೆ ಹಿತವಾಗಿದ್ದರೂ, ಏನನ್ನು ನೋಡಬೇಕೆಂದು ಗೊತ್ತಿರುವವರಿಗೆ ಮಾತ್ರ ಉಪಯುಕ್ತ. ಆದ್ದರಿಂದ ತಕ್ಕಡಿಯೇ ಗತಿ. ಬೇಕರಿಯವರು ಹಿಟ್ಟನ್ನು 100 ಎಂದಿಟ್ಟುಕೊಂಡು ಮಿಕ್ಕದ್ದನ್ನೆಲ್ಲ ಅದರ ಶೇಕಡಾವಾರು ಲೆಕ್ಕದಲ್ಲಿ ಹೇಳುತ್ತಾರೆ. ನೀರು 75, ಉಪ್ಪು 2, ಯೀಸ್ಟ್ ಕಾಲು. ಹಾಗಾಗಿ ಅಂಗೀಕೃತ ಪಾಠ ಹೀಗೆ: ಮೈದಾ 400 ಗ್ರಾಂ, ನೀರು 300 ಗ್ರಾಂ, ಉಪ್ಪು 8 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 1 ಗ್ರಾಂ, ಅಂದರೆ ಸುಮಾರು ಕಾಲು ಟೀ ಚಮಚ. ಮೈದಾದಲ್ಲಿ 100 ಗ್ರಾಮಿನಷ್ಟು ತೆಗೆದು ಗಿರಣಿಯ ಗೋಧಿಹಿಟ್ಟು ಸೇರಿಸುವ ಪಾಠವೂ ರುಚಿಯಲ್ಲಿ ಚೆನ್ನ. ಆದರೆ ಗಿರಣಿಹಿಟ್ಟು ನೀರನ್ನು ಹೆಚ್ಚು ಕುಡಿಯುತ್ತದೆ, ಎರಡು ಚಮಚ ನೀರು ಜಾಸ್ತಿ ಬೇಕು.

ಕಲಸಿದಾಗ ಇದು ಚಪಾತಿ ಹಿಟ್ಟಿಗಿಂತ ಮೆತ್ತಗೆ, ಗೋಳಿಬಜೆ ಹಿಟ್ಟಿಗಿಂತ ಗಟ್ಟಿ. ಕೈಗೆ ಅಂಟುತ್ತದೆ. ಅಂಟುತ್ತದೆಂದು ಇನ್ನಷ್ಟು ಮೈದಾ ಸುರಿಯುವುದು ಲಿಪಿಕಾರರು ಮಾಡುವ ಅತಿ ಸಾಮಾನ್ಯ ಪ್ರಕ್ಷೇಪ; ಬಹುಪಾಲು ಬ್ರೆಡ್ಡುಗಳು ಇಟ್ಟಿಗೆಯಾಗುವುದು ಇಲ್ಲಿಯೇ.

ನಾದದಿದ್ದರೆ ಹಿಟ್ಟಿಗೆ ಜಿಗುಟು ಹೇಗೆ ಬಂದೀತು ಎಂಬುದು ಪೂರ್ವಪಕ್ಷ. ಗೋಧಿಯಲ್ಲಿ ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳಿವೆ. ನೀರು ಸಿಕ್ಕರೆ ಇವು ಒಂದನ್ನೊಂದು ಹಿಡಿದುಕೊಂಡು ಗ್ಲುಟೆನ್ ಬಲೆಯಾಗುತ್ತವೆ. ನಾದುವುದರಿಂದ ಈ ಕೆಲಸ ಬೇಗ ಆಗುತ್ತದೆ, ಅಷ್ಟೆ. ನೀರೂ ಸಮಯವೂ ಧಾರಾಳವಾಗಿದ್ದರೆ ಅವು ತಾವೇ ಕೂಡಿಕೊಳ್ಳುತ್ತವೆ. ಫ್ರಾನ್ಸಿನ ರೇಮನ್ ಕಾಲ್ವೆಲ್ 1974ರಷ್ಟು ಹಿಂದೆಯೇ, ಹಿಟ್ಟು ನೀರನ್ನು ಬೆರೆಸಿ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ನಾದುವ ಶ್ರಮ ಉಳಿಯುತ್ತದೆಂದು ತೋರಿಸಿಕೊಟ್ಟಿದ್ದರು. ಇದರಿಂದ ಖ ಪ್ರತಿಯ ‘ಅದರ ಪಾಡಿಗೆ ಅದನ್ನ ಬಿಟ್ಬಿಡಿ’ ಎಂಬುದೇ ಈ ಶಾಸ್ತ್ರದ ಮಹಾವಾಕ್ಯವೆಂದು ಸಿದ್ಧವಾಗುತ್ತದೆ. ಹೊಸಬರ ಬ್ರೆಡ್ಡು ಕೆಡುವುದು ಏನನ್ನೋ ಮಾಡದೆ ಬಿಟ್ಟಿದ್ದರಿಂದಲ್ಲ, ಸುಮ್ಮನಿರಲಾರದೆ ಏನನ್ನೋ ಮಾಡಿದ್ದರಿಂದ.

ಎಷ್ಟು ಹೊತ್ತು ಸುಮ್ಮನಿರಬೇಕು? 18 ಗಂಟೆಯೆಂಬುದು ನ್ಯೂಯಾರ್ಕಿನ ಕೋಣೆಯ ಮಾತು. ಬೆಂಗಳೂರಿನ ಡಿಸೆಂಬರಿಗೆ ಇದು ಸರಿಹೋದೀತು. ಏಪ್ರಿಲಿನಲ್ಲಿ ಎಂಟು ಗಂಟೆ ಸಾಕು. ಕಲಬುರಗಿಯ ಮೇ ತಿಂಗಳಲ್ಲಾದರೆ ರಾತ್ರಿ ಫ್ರಿಜ್ಜಿನೊಳಗೆ ಇಟ್ಟುಬಿಡುವುದೇ ಕ್ಷೇಮ. ಬ್ರೆಡ್ಡಿಗೆ ಮುಹೂರ್ತವಿಲ್ಲ, ಲಕ್ಷಣವಿದೆ. ಹಿಟ್ಟು ಎರಡರಷ್ಟಾಗಿ, ಮೇಲೆ ಗುಳ್ಳೆಯೆದ್ದು, ಪಾತ್ರೆ ಅಲುಗಿಸಿದರೆ ಕುಲುಕಾಡಬೇಕು. ಇಲ್ಲಿ ಅಮ್ಮನ ಟೀಕೆಯೇ ಪ್ರಮಾಣ. “ಇದೇನೋ, ಚಪಾತಿ ಹಿಟ್ಟು ಕಲಸಿ ಮರೆತುಬಿಟ್ಟಿದೀಯ?” ಎಂದು ರಾತ್ರಿ ಆಕ್ಷೇಪವೆತ್ತಿದ್ದ ಅದೇ ಟೀಕಾಕಾರರು ಬೆಳಿಗ್ಗೆ ತಟ್ಟೆ ಸರಿಸಿ, ಮೂಸಿ, “ಬಂದಿದೆ” ಎಂದು ಒಂದೇ ಪದದಲ್ಲಿ ತೀರ್ಪಿತ್ತರು. ಇಡ್ಲಿಯಲ್ಲಿ ಬ್ಯಾಕ್ಟೀರಿಯಾ, ಇಲ್ಲಿ ಯೀಸ್ಟು ಎಂಬ ಭೇದವಿದ್ದರೂ ಆ ಕಣ್ಣಿಗೆ ಎರಡೂ ಒಂದೇ.

ಬೆಳ್ಳುಳ್ಳಿ ಪ್ರಕರಣ

ಕ ಪ್ರತಿಯಲ್ಲಿ ‘ಜಜ್ಜಿದ ಬೆಳ್ಳುಳ್ಳಿಯನ್ನು ಹಿಟ್ಟಿಗೆ ಸೇರಿಸಿ’ ಎಂದಿದೆ. ಇದು ಅಪಪಾಠ. ಇಡೀ ಎಸಳಿನಲ್ಲಿ ಅಲಿಯಿನ್ ಎಂಬ ವಸ್ತು ಒಂದು ಕಡೆ, ಅಲಿಯಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ಭಾಗವಾದ ಅಣ್ಣತಮ್ಮಂದಿರ ಮನೆಗಳ ಹಾಗೆ ಬೇರೆಬೇರೆ ಇರುತ್ತವೆ. ಜಜ್ಜಿದ ಕ್ಷಣ ಗೋಡೆ ಒಡೆದು ಎರಡೂ ಸೇರಿ ಅಲಿಸಿನ್ ಹುಟ್ಟುತ್ತದೆ. ಬೆಳ್ಳುಳ್ಳಿಯ ಘಾಟೆಲ್ಲ ಅದರದ್ದೇ. 1944ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಇದನ್ನು ಬೇರ್ಪಡಿಸಿ, ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಇದಕ್ಕಿದೆಯೆಂದು ತೋರಿಸಿದರು. ಯೀಸ್ಟು ಸೂಕ್ಷ್ಮಜೀವಿಯೇ ತಾನೆ? ಹಸಿ ಬೆಳ್ಳುಳ್ಳಿ ಜಜ್ಜಿ ಹಾಕಿದರೆ ಉಬ್ಬು ಮಂದವಾಗುತ್ತದೆ, ಗ್ಲುಟೆನ್ ಬಲೆಯೂ ಸಡಿಲವಾಗುತ್ತದೆ. ಹೆಚ್ಚಿ ಮೇಲೆ ಉದುರಿಸಿದರೆ ಓವನ್ನಿನಲ್ಲಿ ಸೀದು ಕಹಿಯಾಗುತ್ತದೆ.

ಪರಿಷ್ಕೃತ ಪಾಠ: ಒಂದು ಗೆಡ್ಡೆಯ ಎಸಳುಗಳನ್ನು ಸುಲಿದು ಇಡಿಯಾಗಿ ಸಣ್ಣ ಬಾಣಲೆಗೆ ಹಾಕಿ, ಮುಳುಗುವಷ್ಟು ಎಣ್ಣೆ ಬಿಟ್ಟು, ಅತಿ ಸಣ್ಣ ಉರಿಯಲ್ಲಿ ಚಾಕು ಸಲೀಸಾಗಿ ಇಳಿಯುವವರೆಗೆ ಬೇಯಿಸಬೇಕು. ಕಾಲು ಗಂಟೆ ಹಿಡಿಯುತ್ತದೆ. ಶಾಖಕ್ಕೆ ಕಿಣ್ವ ಸಾಯುತ್ತದೆ, ಘಾಟು ಹುಟ್ಟುವುದಿಲ್ಲ, ಎಸಳು ಸಿಹಿಯಾಗಿ ಬೆಣ್ಣೆಯಂತಾಗುತ್ತದೆ. ಉಳಿದ ಎಣ್ಣೆಯನ್ನು ಬ್ರೆಡ್ಡಿಗೆ ಸವರಿಕೊಳ್ಳಿ. ಆದರೆ ಬೆಳ್ಳುಳ್ಳಿ ಎಣ್ಣೆಯನ್ನು ಹೊರಗೆ ಇಟ್ಟುಕೊಳ್ಳುವುದು ತಮಾಷೆಯ ಮಾತಲ್ಲ, ಅದರಲ್ಲಿ ಬೊಟುಲಿಸಂ ವಿಷ ಬೆಳೆಯಬಹುದು. ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಬೇಕು. ಚಾತುರ್ಮಾಸ್ಯದಲ್ಲಿ ಬೆಳ್ಳುಳ್ಳಿಯನ್ನೇ ಲೋಪ ಮಾಡಿದ ಪಾಠವೊಂದು ನಮ್ಮ ಮನೆಯಲ್ಲಿ ಪ್ರಚಲಿತವಿದೆ; ಶೀರ್ಷಿಕೆಗೆ ವಿರೋಧವಾಗುವುದರಿಂದ ಅದನ್ನು ಕೈಬಿಡಲಾಗಿದೆ.

ಸೊಪ್ಪಿನ ವಿಚಾರದಲ್ಲಿ ಮೂರೂ ಪ್ರತಿಗಳು ರೋಸ್‌ಮೇರಿ ಎನ್ನುತ್ತವೆ. ಸಸ್ಯವಿಜ್ಞಾನಿಗಳು 2017ರಲ್ಲಿ ರೋಸ್‌ಮೇರಿಯನ್ನು ಅದರ ಸ್ವಂತ ಕುಲದಿಂದ ತೆಗೆದು ಸಾಲ್ವಿಯಾ ಕುಲಕ್ಕೆ ದತ್ತು ಕೊಟ್ಟಿದ್ದಾರೆ. ಗೋತ್ರ ಬದಲಾದರೂ ಪರಿಮಳ ಬದಲಾಗಿಲ್ಲ. ಒಣಗಿದ್ದಾದರೆ ಒಂದು ಚಮಚ, ಹಸಿಯದಾದರೆ ಮೂರು. ಸಿಗದಿದ್ದರೆ ಹಿತ್ತಲ ದೊಡ್ಡಪತ್ರೆ ನಡೆಯುತ್ತದೆ. ಪೀತ್ಸಾದ ಜೊತೆ ಪೊಟ್ಟಣದಲ್ಲಿ ಬರುವ ಒರಿಗ್ಯಾನೊದಲ್ಲಿರುವ ಕಾರ್ವಕ್ರಾಲ್ ಇದರಲ್ಲೂ ಇದೆ. ಎಲೆ ನೀರುನೀರು, ಹೆಚ್ಚಿ ಕಾವಲಿಯ ಮೇಲೆ ಕೊಂಚ ಬಾಡಿಸಿಕೊಳ್ಳಿ. ಸೊಪ್ಪು ಹಾಕಿದ ಬ್ರೆಡ್ಡು ನಮಗೆ ಹೊಸದೆಂಬ ವಾದ ಅಯ್ಯಂಗಾರ್ ಬೇಕರಿಯ ಖಾರಾ ಬನ್ ತಿನ್ನದವರದು.

ಇನ್ನು ಬೇಯಿಸುವುದು. ಉಬ್ಬಿದ ಹಿಟ್ಟನ್ನು ಮೈದಾ ಚೆಲ್ಲಿದ ಕಟ್ಟೆಯ ಮೇಲೆ ಹರಡಿ, ಬೆಳ್ಳುಳ್ಳಿ, ಸೊಪ್ಪು ಉದುರಿಸಿ, ನಾಲ್ಕೂ ಕಡೆಯಿಂದ ಮಡಚಿ ಉಂಡೆ ಮಾಡಿ ಮುಕ್ಕಾಲು ಗಂಟೆ ಬಿಡಿ. ಅಷ್ಟು ಹೊತ್ತೂ ಓವನ್ನು 230 ಡಿಗ್ರಿಯಲ್ಲಿ, ಮುಚ್ಚಳವಿರುವ ದಪ್ಪ ಕಬ್ಬಿಣದ ಪಾತ್ರೆಯ ಸಮೇತ ಕಾಯುತ್ತಿರಲಿ. ಹಿಡಿಗೆ ಪ್ಲಾಸ್ಟಿಕ್ ಇರುವ ಪಾತ್ರೆ ಬೇಡ. ಗ ಪ್ರತಿಯ ನಿಷೇಧಗಳಲ್ಲಿ ಅರ್ಥವಿರುವುದು ಇದೊಂದಕ್ಕೇ. ಉಂಡೆಯನ್ನು ಕಾದ ಪಾತ್ರೆಗಿಳಿಸಿ, ಮುಚ್ಚಿ 30 ನಿಮಿಷ: ಹಿಟ್ಟಿನದೇ ಹಬೆ ಒಳಗೆ ಉಳಿದು ಮೇಲ್ಪದರ ಬೇಗ ಗಟ್ಟಿಯಾಗದೆ ಬ್ರೆಡ್ಡು ಉಬ್ಬುತ್ತದೆ. ತೆರೆದು 15 ನಿಮಿಷ: 1912ರಲ್ಲಿ ಲೂಯಿ ಕಮೀಲ್ ಮೈಯಾರ್ ವಿವರಿಸಿದ ಕ್ರಿಯೆ ನಡೆದು ಕಂದು ಬಣ್ಣವೂ ಘಮವೂ ಬರುತ್ತವೆ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು.

ತೆಗೆದ ಕೂಡಲೇ ಕತ್ತರಿಸಬಾರದು, ಒಂದು ಗಂಟೆ ಕಾಯಬೇಕು ಎಂಬ ವಾಕ್ಯ ಎಲ್ಲ ಪ್ರತಿಗಳಲ್ಲೂ ಒಂದೇ ರೀತಿ ಇದೆ. ಎಲ್ಲ ಮನೆಗಳಲ್ಲೂ ಉಲ್ಲಂಘನೆಯಾಗುವ ವಾಕ್ಯವೂ ಇದೊಂದೇ. ಬಿಸಿಯಲ್ಲಿ ಒಳಗಿನ ಪಿಷ್ಟ ಇನ್ನೂ ನೆಲೆ ನಿಂತಿರುವುದಿಲ್ಲ, ಚಾಕುವಿಗೆ ಮುದ್ದೆಯಾಗಿ ಅಂಟುತ್ತದೆ. ಮಿಕ್ಕದ್ದನ್ನು ಬಟ್ಟೆಯಲ್ಲಿ ಸುತ್ತಿ ಹೊರಗಿಡಿ. ಫ್ರಿಜ್ಜಿನಲ್ಲಿ ಬ್ರೆಡ್ಡು ಇನ್ನೂ ಬೇಗ ಬಿರುಸಾಗುತ್ತದೆ.

ಈ ಪಾಠದಲ್ಲಿ ದೋಷಗಳೇನಾದರೂ ಕಂಡುಬಂದಲ್ಲಿ ವಾಚಕ ಮಹಾಶಯರು ಸಂಪಾದಕನ ಗಮನಕ್ಕೆ ತರಬೇಕೆಂದು ವಿನಂತಿ. ಬರೀ ಕಾಗದ ಬರೆದರೆ ಸಾಲದು. ದೋಷವಿರುವ ಬ್ರೆಡ್ಡಿನ ಎರಡು ಹೋಳುಗಳನ್ನೂ, ದೋಷವಿಲ್ಲದ್ದರ ನಾಲ್ಕು ಹೋಳುಗಳನ್ನೂ ತುಲನೆಗಾಗಿ ಲಗತ್ತಿಸತಕ್ಕದ್ದು.