ಮಿಷನ್ ಮೇಷ್ಟ್ರು

ಚಾಮರಾಜನಗರದ ಯಾವ ಕಚೇರಿಗೆ ಹೋದರೂ ಜೆರಾಕ್ಸ್ ಮಿಷನ್ ಪಕ್ಕ ಇವರೊಬ್ಬರು ಸಿಗುತ್ತಾರೆ. ಹಾಜರಿ ಪುಸ್ತಕದಲ್ಲಿ ದ್ವಿತೀಯ ದರ್ಜೆ ಸಹಾಯಕರು, ಬಾಯಿಮಾತಿನಲ್ಲಿ ಮಿಷನ್ ಮೇಷ್ಟ್ರು. ಪ್ರಿಂಟು, ಸ್ಕ್ಯಾನು, ಫ್ಯಾಕ್ಸು ಎಲ್ಲವನ್ನೂ ನುಂಗಿ ಕೂತ ಆ ಯಂತ್ರ ಸರ್ಕಾರದ್ದು. ಅದರೊಳಗಿನ ಅಡ್ರೆಸ್ ಬುಕ್ಕು ಮಾತ್ರ ಮೇಷ್ಟ್ರ ಸ್ವಯಾರ್ಜಿತ. ಬೇರೆ ಯಾರಾದರೂ ಪರದೆ ಮುಟ್ಟಿದರೆ ಸಾಕು, ಟಪಾಲು ಮೇಜಿನ ಕಡೆಯಿಂದ ಕೂಗು ಬರುತ್ತದೆ: ‘ವಸಿ ತಡೀರಿ ಸಾ, ಎಲ್ಲಾ ಒಂದು ಲೆಕ್ಕದಲ್ಲಿ ಮಡಗಿವ್ನಿ!’

ಆ ಲೆಕ್ಕವಾದರೂ ಎಂಥದ್ದು? ಮಿಷನ್ನು ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ ನಿಲ್ಲಿಸುತ್ತದೆ. 1997ರಲ್ಲಿ ಜಿಲ್ಲೆಯಾದ ಮೇಲೆ ಹುಟ್ಟಿದ ಕಚೇರಿಗಳೆಲ್ಲ ‘ಸಿ’ ಅಡಿಯಲ್ಲಿ ಜಾತ್ರೆ ಸೇರಿವೆ. ಗುಂಡ್ಲುಪೇಟೆ ‘ಜಿ’ಯಲ್ಲಿ ಹಾಯಾಗಿದೆ. ಮೇಷ್ಟ್ರ ತಕರಾರು ನೇರವಾಗಿ ಮುಮ್ಮಡಿ ಕೃಷ್ಣರಾಜ ಒಡೆಯರ ಮೇಲೆ. ಅರಿಕುಠಾರ ಎಂದಿದ್ದ ಊರಿಗೆ 1818ರಲ್ಲಿ ತಂದೆ ಚಾಮರಾಜರ ಹೆಸರಿಟ್ಟವರು ಅವರೇ. ‘ಹಳೇ ಹೆಸರೇ ಇದ್ದಿದ್ರೆ “ಎ”ನಲ್ಲಿ ಮೊದ್ಲಿಗೇ ಸಿಕ್ತಿತ್ತಲ್ವಾ ಸಾ?’

ಹಾಗಾಗಿ ಸಾಹೇಬರ ಹೆಸರಿನ ಆರಂಭಕ್ಕೆ ಎರಡು ‘ಎ’ ಜೋಡಿಸಿ ಅವರನ್ನು ನೆತ್ತಿಗೇರಿಸಿದ್ದಾರೆ. ಉಳಿದವರಿಗೆ ಮೇಷ್ಟ್ರದೇ ನಾಮಕರಣ: ‘ದೊಡ್ಡೋರು’, ‘ದೊಡ್ಡೋರು 2’, ‘ಗುಂಡ್ಲು ಹಳೇದು’, ‘ಗುಂಡ್ಲು ನಿಜ’. ಹುದ್ದೆಯ ಹೆಸರಿನಲ್ಲಿ ದಾಖಲಿಸಿದರೆ ವರ್ಗಾವಣೆಯಾದರೂ ಕೆಡುವುದಿಲ್ಲ ಎಂದು ಶಿರಸ್ತೇದಾರರು ಹೇಳಿ ನೋಡಿದರು. ಮೇಷ್ಟ್ರು ನಕ್ಕರು. ಎಲ್ಲರಿಗೂ ಅರ್ಥವಾಗುವ ಹಾಗಿದ್ದರೆ ಇವರನ್ನು ಕೇಳುವವರು ಯಾರು?

ಇವರ ಬೆಲೆ ತಿಳಿಯುವುದು ಸ್ಕ್ಯಾನ್ ನಿಂತ ದಿನ. ಸ್ಕ್ಯಾನನ್ನು ಕಂಪ್ಯೂಟರಿನ ಫೋಲ್ಡರಿಗೆ ಕಳಿಸಬೇಕಾದರೆ ಆ ಕಂಪ್ಯೂಟರಿನ ಬಳಕೆದಾರರ ಹೆಸರು, ಪಾಸ್‌ವರ್ಡ್ ಎರಡೂ ಅಡ್ರೆಸ್ ಬುಕ್ಕಿನಲ್ಲಿರಬೇಕು. ಸಾಹೇಬರು ಪಾಸ್‌ವರ್ಡ್ ಬದಲಿಸಿ ಮರೆತಿರುತ್ತಾರೆ. ಮಿಷನ್ನು ಹಳೆಯದನ್ನೇ ಹಿಡಿದು ಬಾಗಿಲು ತಟ್ಟಿ, ವಾಪಸ್ ಬಂದು ಕೆಂಪು ದೀಪ ಹಚ್ಚುತ್ತದೆ. ಒಬ್ಬರು ಮುಚ್ಚಳ ಬಡಿಯುತ್ತಾರೆ, ಇನ್ನೊಬ್ಬರು ಸ್ವಿಚ್ ಆರಿಸಿ ಹಾಕುತ್ತಾರೆ. ಮೇಷ್ಟ್ರು ಟೀ ಮುಗಿಸಿಯೇ ಏಳುವುದು. ಮೇಲ್‌ನಲ್ಲಿ ಕಳಿಸುವ ಸ್ಕ್ಯಾನಿಗೂ ಇದೇ ಪಾಡು: 2022ರ ಮೇ 30ರ ನಂತರ ಬರೀ ಹೆಸರು, ಪಾಸ್‌ವರ್ಡ್ ನಂಬಿ ಇಂಥ ಯಂತ್ರಗಳನ್ನು ಒಳಬಿಡುವುದನ್ನು ಜಿಮೇಲ್ ನಿಲ್ಲಿಸಿತಲ್ಲ, ಆಗ 16 ಅಕ್ಷರಗಳ ಆಪ್ ಪಾಸ್‌ವರ್ಡ್ ತೆಗೆದು ತುಂಬಿದ ಇಂಥವರಿಗೆ ಆದ ಮರ್ಯಾದೆ ಮದುವೆ ಗಂಡಿಗೂ ಆಗಿರಲಿಕ್ಕಿಲ್ಲ.

ಕೊನೆಗೊಮ್ಮೆ ಮೇಷ್ಟ್ರಿಗೆ ಗುಂಡ್ಲುಪೇಟೆಗೆ ವರ್ಗವಾಗುತ್ತದೆ. ಪಟ್ಟಿಯನ್ನು ಫೈಲು ಮಾಡಿ ಪೆನ್‌ಡ್ರೈವಿಗೆ ಇಳಿಸುವ ಸೌಲಭ್ಯ ಮಿಷನ್ನಿನಲ್ಲೇ ಇದೆ. ಚಾರ್ಜ್ ಕೊಡುವಾಗ ಅದೊಂದು ನೆನಪಾಗುವುದಿಲ್ಲ. ವಾರದೊಳಗೆ ಹಳೇ ಕಚೇರಿಯಿಂದ ಫೋನು.

‘ಅಣ್ಣಾ, ಈ “ದೊಡ್ಡೋರು 2” ಯಾರು?’

‘ಅವ್ರು ರಿಟೈರಾಗಿ ಎರಡು ವರ್ಷ ಆಯ್ತು ಕಣಪ್ಪ. ಅದು ಅವ್ರ ಸ್ವಂತ ಮೇಲು.’

‘ಅಯ್ಯೋ! ಬೆಳಗಿಂದ ಆಡಿಟ್ ಕಡತ ಪೂರ್ತಿ ಅಲ್ಲಿಗೇ ಕಳಿಸಿವ್ನಿ!’

‘ಕಳಿಸು ಬುಡು. ಸರ್ವಿಸಲ್ಲಿ ಇದ್ದಾಗ್ಲಂತೂ ಓದ್ನಿಲ್ಲ, ಈಗಾದ್ರೂ ಓದ್ಲಿ.’