ಸಿಂಗಾಪುರಕ್ಕೆ ಹೊರಟಿರುವ ಮಾನ್ಯರಿಗೆ, ಹೊಂಗೆ ಮರದ ಬುಡದಿಂದ

ಸಿಂಗಾಪುರಕ್ಕೆ ಅಧ್ಯಯನ ಪ್ರವಾಸ ಹೋಗಿ ಬಂದಿರುವ, ಹೋಗಲಿರುವ, ಪಾಸ್‌ಪೋರ್ಟ್ ಮಾಡಿಸಿಟ್ಟುಕೊಂಡು ಕಾಯುತ್ತಿರುವ ಸಮಸ್ತ ಮಾನ್ಯರಿಗೆ ತುಮಕೂರಿನ ನಿವಾಸಿಯೊಬ್ಬನ ನಮಸ್ಕಾರಗಳು.

ಬೆಳಗ್ಗೆ ಹತ್ತೂವರೆಗೆ ಕಚೇರಿಯೊಂದರ ಬಾಗಿಲಲ್ಲಿ ನಿಂತವನು ಊಟದ ಹೊತ್ತು ಮೀರಿದ ಮೇಲೆ ಬರಿಗೈಲಿ ಮನೆಗೆ ಬಂದಿದ್ದೇನೆ. ಹೊಟ್ಟೆ ಉರಿ ಆರುವ ಮುಂಚೆಯೇ ಬರೆಯಬೇಕು. ಆರಿದ ಮೇಲೆ ಬರೆದರೆ ನಾನೂ ‘ತಮ್ಮ ಅವಗಾಹನೆಗೆ’ ಅಂತ ಶುರು ಮಾಡಿಬಿಡುತ್ತೇನೆ.

ವಿಷಯ ಇಷ್ಟೆ. ನಮ್ಮ ಬೀದಿಯಲ್ಲೊಂದು ಹೊಂಗೆ ಮರ ಇದೆ. ಫುಟ್‌ಪಾತ್ ಮಾಡಲು ಬಂದವರು ಬುಡದ ತನಕ ಕಾಂಕ್ರೀಟ್ ಸುರಿದರು, ಮೇಲೆ ಟೈಲ್ಸ್ ಜೋಡಿಸಿದರು. ಟೈಲ್ಸಿಗೂ ಕಾಂಡಕ್ಕೂ ನಡುವೆ ಬೆರಳು ತೂರುವಷ್ಟು ಸಂದಿ ಉಳಿದಿತ್ತು. ಮೇಸ್ತ್ರಿಗೆ ಅದೂ ಕಣ್ಣಿಗೆ ಚುಚ್ಚಿತೋ ಏನೋ, ಕರಣೆಯಲ್ಲಿ ಸಿಮೆಂಟ್ ಮೆತ್ತಿ ಸವರಿಬಿಟ್ಟ. ಈಗ ಕಾಂಡ ದಪ್ಪವಾಗುತ್ತಾ ತೊಗಟೆ ಸಿಮೆಂಟಿನ ಅಂಚಿನ ಮೇಲೆ ಮಡಿಚಿಕೊಂಡು ಕೂತಿದೆ. ಮಳೆ ಬಂದರೆ ನೀರು ಬೇರಿಗೆ ಇಳಿಯದೆ ಸೀದಾ ಚರಂಡಿಗೆ ಹೋಗುತ್ತದೆ. ಸುತ್ತ ನಾಲ್ಕು ಟೈಲ್ಸ್ ತೆಗೆದು ಒಂದು ಪಾತಿ ಮಾಡಿಕೊಡಿ ಅನ್ನುವುದು ನನ್ನ ಅರ್ಜಿ.

“ಮರ ಕಡಿಸ್ಬೇಕಾ?”

“ಇಲ್ಲ, ಉಳಿಸ್ಬೇಕು.”

“ಕಡಿಸೋಕಾದ್ರೆ ಫಾರಂ ಇದೆ ಯಜಮಾನ್ರೆ. ಉಳಿಸೋಕೆ ಇಲ್ಲ.”

ಇನ್ನೊಂದು ಕಚೇರಿಗೆ ಹೋದೆ. ಮರ ನಮ್ಮದು, ಟೈಲ್ಸ್ ನಮ್ಮದಲ್ಲ ಅಂದರು. ಟೈಲ್ಸಿನವರನ್ನು ಕೇಳಿದರೆ ಟೈಲ್ಸ್ ನಮ್ಮದು, ಮರ ನಮ್ಮದಲ್ಲ ಅಂದರು. ನಡುವಿನ ಆ ಸಂದಿಯ ಸಿಮೆಂಟಿಗೆ ಇಡೀ ಜಿಲ್ಲೆಯಲ್ಲಿ ವಾರಸುದಾರರಿಲ್ಲ. ಏನೇ ಮಾಡಿದರೂ ಮೇಲಿಂದ ಆರ್ಡರ್ ಬರಬೇಕಂತೆ. ಮೇಲಿಂದ ಬರುವುದು ಮಳೆ ಒಂದೇ ಸ್ವಾಮಿ, ಅದಕ್ಕೂ ನೀವು ಟೈಲ್ಸ್ ಹಾಕಿ ಕೂತಿದ್ದೀರಿ. ಕೊನೆಗೆ ಕನಿಕರ ಬಂದ ಒಬ್ಬ ಪುಣ್ಯಾತ್ಮರು ಪಕ್ಕಕ್ಕೆ ಕರೆದು ಉಪಾಯ ಹೇಳಿಕೊಟ್ಟರು: “ಒಣಗಲಿ ಬಿಡಿ ಸಾರ್. ಒಣಗಿದ ಮರ ಅಂತ ಕೊಟ್ರೆ ಬೇಗ ಆಗುತ್ತೆ.”

ಅಷ್ಟರಲ್ಲಿ ಬೆಂಚಿನ ಮೇಲೆ ಕೂತಿದ್ದವರೊಬ್ಬರು ಬಾಯಿ ಹಾಕಿದರು: “ಸಿಂಗಾಪುರದಲ್ಲಿ ನೋಡ್ಬೇಕು ಸಾರ್, ಹೆಂಗಿಟ್ಟವ್ರೆ!”

ಎಸ್.ಎಂ. ಕೃಷ್ಣ ಅವರು ಬೆಂಗಳೂರನ್ನು ಸಿಂಗಾಪುರ ಮಾಡುವ ಮಾತಾಡಿದ ಕಾಲದಿಂದ ಈ ಹಾಡು ಕೇಳಿಕೊಂಡು ಬಂದಿದ್ದೇನೆ. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಆ ಜ್ವರ ನಮಗೂ ಹತ್ತಿತು. ಸರಿ, ನೋಡೋಣ. ಆ ದೇಶದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್. ನಮ್ಮ ಕುಣಿಗಲ್ ತಾಲ್ಲೂಕಿಗಿಂತ ಚಿಕ್ಕದು, ಗುಬ್ಬಿಗಿಂತ ಇನ್ನೂ ಚಿಕ್ಕದು. ಅಷ್ಟರೊಳಗೆ 60 ಲಕ್ಷ ಜನ. ‘ಜಾಗ ಇಲ್ಲ’ ಅನ್ನುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗೆ. ಆದರೆ ಅಲ್ಲಿನ ಪ್ರಧಾನಿ ಲೀ ಕ್ವಾನ್ ಯೂ 1963ರಲ್ಲಿ ಒಂದು ವೃತ್ತದಲ್ಲಿ ಗಿಡ ನೆಟ್ಟು ಶುರು ಮಾಡಿದರು, 1967ರಲ್ಲಿ ಉದ್ಯಾನ ನಗರಿ ಅಂತ ಸಾರಿದರು, 1975ರಲ್ಲಿ ಮರಗಳಿಗೆಂದೇ ಕಾನೂನು ತಂದರು. ರಸ್ತೆಯ ನಕ್ಷೆ ಬರೆಯುವಾಗಲೇ ಗಿಡಕ್ಕೆ ಮಣ್ಣಿನ ಪಟ್ಟಿ ಬಿಡುತ್ತಾರೆ. ಕಾರು ನಿಲ್ಲಿಸುವ ಕಡೆಯೂ ಮರದ ಸುತ್ತ ತೂತಿರುವ ಚಪ್ಪಡಿ ಹಾಸುತ್ತಾರೆ, ಬೇರಿಗೆ ಗಾಳಿ ನೀರು ಇಳಿಯಲಿ ಅಂತ. ಕೊಳಚೆ ನೀರನ್ನೂ ಬಿಡದೆ ಶುದ್ಧ ಮಾಡಿ 2003ರಿಂದ ‘ನ್ಯೂವಾಟರ್’ ಅಂತ ಬಳಸುತ್ತಿದ್ದಾರೆ. ನಾವು ಮೇಲಿಂದ ಪುಕ್ಕಟೆ ಬಿದ್ದದ್ದನ್ನು ಚರಂಡಿಗೆ ಬಿಟ್ಟು, ಬುಗುಡನಹಳ್ಳಿ ಕೆರೆಗೆ ಹೇಮಾವತಿ ಎಂದು ಬಂದಾಳೋ ಅಂತ ಕಾಯುತ್ತೇವೆ.

ಇಷ್ಟೆಲ್ಲ ಇರುವ ಊರಿಗೆ ಹೋಗಿ ನೀವು ನೋಡಿ ಬರುವುದೇನು? 2012ರಲ್ಲಿ ತೆರೆದ ‘ಗಾರ್ಡನ್ಸ್ ಬೈ ದ ಬೇ’ಯ ಕಬ್ಬಿಣದ ಮರಗಳು. 50 ಮೀಟರ್‌ವರೆಗೆ ಎತ್ತರ, ರಾತ್ರಿಯಾದರೆ ಬಣ್ಣದ ದೀಪ, ಕೆಳಗೆ ನಿಂತು ನಿಮ್ಮ ಫೋಟೊ. ಬೇರಿಲ್ಲದ ಮರ ಕಂಡರೆ ನಿಮಗೆ ಅದೇನು ಪ್ರೀತಿಯೋ! ಅದು ಪಾತಿ ಕೇಳುವುದಿಲ್ಲ, ಅದರ ಪರವಾಗಿ ಯಾರೂ ಅರ್ಜಿ ಹಿಡಿದುಕೊಂಡು ಬರುವುದಿಲ್ಲ. ಅಲ್ಲಿಯವರು ಆ ಕಬ್ಬಿಣಕ್ಕೂ ಬಳ್ಳಿ ಹಬ್ಬಿಸಿದ್ದಾರೆ ಅನ್ನುವುದು ಫೋಟೊದಲ್ಲಿ ಕಾಣದೆ ಹೋಯಿತೋ ಏನೋ.

ಪಾತಿ ಕಟ್ಟುವುದನ್ನು ಕಲಿಯಲು ವಿಮಾನ ಹತ್ತಬೇಕಾಗಿಲ್ಲ. ಗುಬ್ಬಿ ಬಸ್ಸು ಹತ್ತಿ ಸಾಕು. ಯಾವ ತೆಂಗಿನ ತೋಟಕ್ಕಾದರೂ ಹೋಗಿ ಕೇಳಿ, ಗುದ್ದಲಿ ಕೈಗೆ ಕೊಟ್ಟು ಕಲಿಸುತ್ತಾರೆ. ಅದೇ ತಾಲ್ಲೂಕಿನ ಚೇಳೂರಿನಲ್ಲಿ ರೈತರೊಬ್ಬರು ತಂದೆ ನೆಟ್ಟಿದ್ದ ಒಂದು ಹಲಸಿನ ಮರ ಉಳಿಸಿಕೊಂಡಿದ್ದರು. ಕೆಂಪು ತೊಳೆ. ಹಿರೇಹಳ್ಳಿಯ ತೋಟಗಾರಿಕಾ ಕೇಂದ್ರದವರು ಅದರ ಕಸಿ ಕಟ್ಟಿ, ತಂದೆಯ ಹೆಸರಿನಲ್ಲೇ ‘ಸಿದ್ದು’ ಹಲಸು ಅಂತ ಹೊರತಂದರು. ಸಸಿ ಮಾರಿದ ದುಡ್ಡಿನ ಬಹುಪಾಲು ಆ ರೈತರಿಗೇ ಹೋಗುತ್ತದೆ. ಆ ಹಲಸು ನಮ್ಮ ಬೀದಿಯಲ್ಲಿದ್ದಿದ್ದರೆ ತಳಿಯಾಗುವ ಮುಂಚೆ ಟೈಲ್ಸ್ ಆಗಿರುತ್ತಿತ್ತು.

ಇನ್ನು ವೇದಿಕೆ ಹತ್ತಿದಾಗಲೆಲ್ಲ ನೀವು ಹೆಸರು ಹೇಳುವ ಸಾಲುಮರದ ತಿಮ್ಮಕ್ಕ. ಹುಟ್ಟಿದ್ದು ಗುಬ್ಬಿ ತಾಲ್ಲೂಕು, ಸೊಸೆಯಾಗಿ ಹೋದದ್ದು ಕುಣಿಗಲ್ ಮಗ್ಗುಲಿನ ಮಾಗಡಿ ತಾಲ್ಲೂಕಿನ ಹುಲಿಕಲ್‌ಗೆ. ಗಂಡ ಚಿಕ್ಕಯ್ಯನವರ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು ಹುಲಿಕಲ್–ಕುದೂರು ರಸ್ತೆಯಲ್ಲಿ 385 ಆಲ ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಕೊಟ್ಟರು. ಅದೇ ವರ್ಷ ರಸ್ತೆ ಅಗಲ ಮಾಡುತ್ತೇವೆ ಅಂತ ಅದೇ ಮರಗಳ ಮೇಲೆ ಕಣ್ಣು ಹಾಕಿದರು, ನೂರು ದಾಟಿದ ಆ ತಾಯಿ ಮುಖ್ಯಮಂತ್ರಿಗೆ ಮೊರೆ ಹೋಗಬೇಕಾಯಿತು. 2025ರ ನವೆಂಬರ್ 14ರಂದು ತೀರಿಕೊಂಡಾಗ ಸರ್ಕಾರಿ ಗೌರವವೂ ಆಯಿತು. ಆಕೆ ಹೊತ್ತ ನೀರನ್ನು ಎಲ್ಲಿ ಸುರಿದರು ಅಂತ ಯಾರಾದರೂ ಕೇಳಿದ್ದೀರಾ? ಪಾತಿಗೆ ಸ್ವಾಮಿ, ಪಾತಿಗೆ! ಈಗ ಆಕೆ ಬಿಂದಿಗೆ ಹೊತ್ತು ನಮ್ಮ ಬೀದಿಗೆ ಬಂದಿದ್ದರೂ ನೀರು ಹಾಕಲು ಜಾಗವಿರುತ್ತಿರಲಿಲ್ಲ. ಮರ ಕೊಂದು ತಿಮ್ಮಕ್ಕನ ಹೆಸರು ಹೇಳಬೇಡಿ. ನಾಚಿಕೆಯಾಗಬೇಕು.

ತಮಾಷೆ ಸಾಕು. ಕರ್ನಾಟಕದಲ್ಲಿ ಮರ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ಕೊಡಲಿ ಬಿದ್ದರೆ ಅದು ಕೇಳುತ್ತದೆ, ಕರಣೆಯಲ್ಲಿ ಕತ್ತು ಹಿಸುಕಿದರೆ ಯಾರೂ ಕೇಳುವವರಿಲ್ಲ. ದೆಹಲಿಯಲ್ಲಿ ಇದೇ ಗೋಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2013ರಲ್ಲಿ ಅದು ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂತ ಆದೇಶ ಕೊಟ್ಟಿತು. ನಾನು ಕೇಳುವುದೂ ಆ ಒಂದು ಮೀಟರ್ ಮಾತ್ರ. ಇದಕ್ಕೆ ಟೆಂಡರ್ ಬೇಡ, ಸಲಹೆಗಾರರು ಬೇಡ, ಪ್ರವಾಸ ಭತ್ಯೆಯೂ ಬೇಡ. ಒಬ್ಬ ಆಳು, ಒಂದು ಹಾರೆ, ಅರ್ಧ ದಿನ. ಗುತ್ತಿಗೆದಾರರ ಬಿಲ್ ಪಾಸ್ ಮಾಡುವ ಮುಂಚೆ ಮರದ ಬುಡ ನೋಡಿ, ಮಣ್ಣು ಕಾಣದಿದ್ದರೆ ಸಹಿ ಹಾಕಬೇಡಿ.

ಓದುವವರಿಗೂ ಒಂದು ಮಾತು. ನಿಮ್ಮ ಬೀದಿಗೆ ಟೈಲ್ಸ್ ಲಾರಿ ಬಂದ ದಿನ ಮನೆಯಲ್ಲಿ ಕೂರಬೇಡಿ. ಮರದ ಪಕ್ಕ ನಿಂತು, ಮೇಸ್ತ್ರಿಗೆ ಕಾಫಿ ಕೊಟ್ಟು, ಒಂದು ಮೀಟರ್ ಬಿಡಿಸಿಕೊಳ್ಳಿ. ಸಿಮೆಂಟ್ ಹಸಿಯಿರುವಾಗ ಆಗುವ ಕೆಲಸ ಅದು. ಗಟ್ಟಿಯಾದ ಮೇಲೆ ಯಾವ ಕಚೇರಿಯಲ್ಲೂ ಆಗುವುದಿಲ್ಲ.

ಇಂತಿ,
ತುಮಕೂರಿನ ಒಬ್ಬ ಕಂದಾಯದಾರ